ಗಾಳಿಯದು ನಾಲ್ಕು, ನನ್ನದು ಒಂದು

ಮಾರ್ಚ್ 3, ಸೋಮವಾರ

ನನ್ನ ವಿಮಾನ ಸೊಟ್ಟಗಿದೆಯಂತೆ.

ಇವತ್ತು ಕಂಟ್ರೋಲ್ ರೂಮಿನಲ್ಲಿ ಎಲ್ಲರ ಎದುರಿಗೇ ಹಾಗೆಂದರು. ಅಂದವರು ನಮ್ಮ ಮುಖ್ಯಸ್ಥರು. ದಿನಕ್ಕೆ ಹತ್ತು ಸಲವಾದರೂ ಅವರ ಬಾಯಿಂದ ‘ಗಡುವು’ ಎಂಬ ಮಾತು ಬರುತ್ತದೆ, ಅದಕ್ಕೇ ನಾವೆಲ್ಲ ಬೆನ್ನ ಹಿಂದೆ ಗಡುವು ಸಾಹೇಬರು ಎನ್ನುವುದು.

ಎಂಟು ತಿಂಗಳು ಕೂತು ಮಾಡಿದ ವಿಮಾನ. ನಿಜವಾದದ್ದರ ಹತ್ತರಲ್ಲಿ ಒಂದು ಪಾಲು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ನನ್ನೆತ್ತರ. ಇವತ್ತು ಮೊದಲ ಸಲ ಅದನ್ನು ಗಾಳಿ ಪರೀಕ್ಷೆಯ ಟನಲ್ ಒಳಗೆ ಕಂಬದ ಮೇಲೆ ಕೂರಿಸಿ ಗಾಳಿ ಬಿಟ್ಟರು. ಗಾಳಿ ನೆಟ್ಟಗೆ ಎದುರಿನಿಂದ ಬಂದರೆ ವಿಮಾನದ ಮೂಗು ಅತ್ತಲೂ ಹೊರಳಬಾರದು, ಇತ್ತಲೂ ಹೊರಳಬಾರದು. ಇದು ಕಿಟಕಿ ಕಡೆಗೆ ಹೊರಳಲು ನೋಡಿತು. ಎಷ್ಟು ಎಂಬುದನ್ನು ಕಂಬದ ಕೆಳಗಿನ ತಕ್ಕಡಿ ಹೇಳಿತು: ಅರ್ಧ ಡಿಗ್ರಿ.

“ಬಾಲದ ರೆಕ್ಕೆ ತಿರುಗಿದೆ,” ಎಂದರು ಸಾಹೇಬರು. “ಮಾಡೋವಾಗಲೇ ತಪ್ಪಾಗಿದೆ. ವಯಸ್ಸಾಗುತ್ತೆ, ಕೈ ಮೊದಲಿನ ಹಾಗಿರಲ್ಲ, ಯಾರನ್ನೂ ದೂರೋಕಾಗಲ್ಲ. ಒಂದು ಟಿಪ್ಪಣಿ ಬರೆಸ್ತೀನಿ, ಸಹಿ ಹಾಕಿಬಿಡಿ ಮೇಡಂ. ಅರ್ಧ ಡಿಗ್ರಿ ಕಳೆದುಕೊಂಡು ಮುಂದೆ ಹೋಗೋಣ. ಗಡುವು ಇದೆ.”

“ಕೈ ಇಲ್ಲೇ ಇದೆ ಸರ್, ನೋಡಿ,” ಎಂದು ಎರಡನ್ನೂ ಚಾಚಿ ತೋರಿಸಿದೆ. ನಡುಗಲಿಲ್ಲ. “ಸಹಿ ಹಾಕಲ್ಲ.”

ಯಾರೂ ನಗಲಿಲ್ಲ. ಯಾರೂ ನನ್ನ ಪರ ಮಾತಾಡಲೂ ಇಲ್ಲ. ಮೂಲೆಯಲ್ಲಿ ಫ್ಯಾನಣ್ಣ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ ನಿಂತಿದ್ದರು. ಇಪ್ಪತ್ತೆರಡು ವರ್ಷದಿಂದ ಟನಲ್‌ನ ಫ್ಯಾನ್ ನಡೆಸುವ ಮನುಷ್ಯ. ಅಂದಿನಿಂದ ನಾನು ಮಾಡಿದ ಒಂದೊಂದು ವಿಮಾನಕ್ಕೂ ಗಾಳಿ ಬಿಟ್ಟವರು. ಒಂದೇ ಒಂದು ಮಾತು ಆಡಬಹುದಿತ್ತು.

ಇದನ್ನು ಬರೆದಿಡುತ್ತಿರುವುದು ಅದಕ್ಕೇ. ನಾಳೆ ಯಾರಾದರೂ ‘ಆವತ್ತು ಹಾಗೆ ಆಗಿರಲೇ ಇಲ್ಲ’ ಎಂದರೆ ನನಗಾದರೂ ಗೊತ್ತಿರಲಿ.

ಮಾರ್ಚ್ 4, ಮಂಗಳವಾರ

ವಿಮಾನವನ್ನು ವಾಪಸ್ ವರ್ಕ್‌ಶಾಪಿಗೆ ತಂದು ಕಲ್ಲಿನ ಮೇಜಿನ ಮೇಲೆ ಇಟ್ಟು ಅಳೆದೆ. ಬಾಗಿಲು ಹಾಕಿಕೊಂಡು ಅಳೆದೆ. ಅಳೆಯುವಾಗ ಪಕ್ಕದಲ್ಲಿ ಯಾರೂ ಉಸಿರಾಡಬಾರದು. ಕೋನಮಾಪಕದ ಮೇಲೆ ಕೂದಲೆಳೆಯಂಥ ಗೆರೆಗಳಿರುತ್ತವೆ. ಮೇಲಿನ ಸಾಲಿನ ಯಾವ ಗೆರೆ ಕೆಳಗಿನ ಸಾಲಿನ ಯಾವ ಗೆರೆಗೆ ಕೂಡುತ್ತದೋ ಅದೇ ಅಳತೆ. ಬಾಲದ ರೆಕ್ಕೆಯನ್ನು ಮೂರು ಕಡೆ ಹಿಡಿದು ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ. ಅರ್ಧ ಡಿಗ್ರಿ ಎಲ್ಲಿದೆ? ಸಾಹೇಬರ ತಲೆಯಲ್ಲಿ.

ಮನೆಗೆ ಬಂದರೆ ಅತ್ತೆಯ ರಗಳೆ. ಎಪ್ಪತ್ತನಾಲ್ಕು ವರ್ಷ, ನಲವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದ ಕೈ. ಈಗಲೂ ಸೂಜಿ ಕೆಳಗಿಡುವುದಿಲ್ಲ. ಅವರ ಮಗ, ಅಂದರೆ ನನ್ನ ಗಂಡ, ತೀರಿಹೋಗಿ ಒಂಬತ್ತು ವರ್ಷವಾಯಿತು. ಮನೆಯಲ್ಲಿ ನಾವಿಬ್ಬರೇ.

“ದಾರ ಪೋಣಿಸಿಕೊಡೇ, ನನ್ನ ಕಣ್ಣಿಗೆ ಕಾಣಲ್ಲ.”

ಪೋಣಿಸಿಕೊಟ್ಟೆ.

“ನಾಲ್ಕು ಸಲ ತಪ್ಪಿಸಿದೆಯಲ್ಲೇ.”

“ದೀಪದ ಬೆಳಕು ಸಾಲಲ್ಲ ಅತ್ತೆ.”

“ದೀಪ ನಿನ್ನೇನೂ ಹೀಗೇ ಇತ್ತು,” ಎಂದರು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಮಾರ್ಚ್ 6, ಗುರುವಾರ

ಅಳತೆಯ ಹಾಳೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿದರು.

“ಮಾಡಿದವರು ನೀವು, ಅಳೆದವರೂ ನೀವೇ. ಮಗು ಹಡೆದವರನ್ನ ಮಗು ಚೆನ್ನಾಗಿದೆಯಾ ಅಂತ ಕೇಳಿದ ಹಾಗಾಯ್ತು.”

“ಹಾಗಾದ್ರೆ ಗಾಳೀನ ಅಳೆಸಿ ಸರ್. ವಿಮಾನ ನೆಟ್ಟಗಿದ್ದು ಮೂಗು ತಿರುಗ್ತಿದ್ರೆ ಗಾಳಿಯೇ ಸೊಟ್ಟ ಬರ್ತಿರಬೇಕು.”

“ಟನಲ್ ಕಟ್ಟಿ ಮೂವತ್ತು ವರ್ಷ ಆಯ್ತು. ಒಂದು ದಿನಾನೂ ಸೊಟ್ಟ ಬಂದಿಲ್ಲ.”

“ನಾನೂ ಮೂವತ್ತೊಂದು ವರ್ಷದಿಂದ ಇದೀನಿ. ನಂದೂ ಬಂದಿಲ್ಲ.”

ವರ್ಷದಲ್ಲಿ ಟನಲ್‌ಗಿಂತ ನಾನೇ ಒಂದು ಹೆಚ್ಚು. ಉತ್ತರ ಇಲ್ಲದಿದ್ದಾಗ ಅವರು ಗಡಿಯಾರ ನೋಡುತ್ತಾರೆ.

ಅರ್ಧ ಡಿಗ್ರಿ ಕಳೆದುಕೊಂಡರೆ ಆಯಿತಂತೆ! ಹೇಗೆ ಆಗುತ್ತದೆ? ತಪ್ಪು ಬಾಲದಲ್ಲಿದ್ದರೆ ಸರಿ, ಕಳೆಯಬಹುದು. ಗಾಳಿಯೇ ಕೆಟ್ಟು ಬರುತ್ತಿದ್ದರೆ ಅಲ್ಲಿ ಬರೆದುಕೊಂಡ ಪ್ರತಿಯೊಂದು ಅಂಕಿಯೂ ಕೆಟ್ಟದ್ದೇ. ಒಂದನ್ನು ಕಳೆದ ಮಾತ್ರಕ್ಕೆ ಮಿಕ್ಕವು ನೆಟ್ಟಗಾಗುವುದಿಲ್ಲ. ಆ ಅಂಕಿಗಳನ್ನು ನಂಬಿ ನಿಜವಾದ ವಿಮಾನ ಕಟ್ಟುತ್ತಾರೆ. ಅದರಲ್ಲಿ ಹನ್ನೆರಡು ಜನ ಕೂರುತ್ತಾರೆ.

ಮಾರ್ಚ್ 7, ಶುಕ್ರವಾರ

ಶಿಕ್ಷೆ ಶುರು. ವರ್ಕ್‌ಶಾಪ್ ಕೆಲಸ ಸದ್ಯಕ್ಕೆ ಬೇಡವಂತೆ, ಸ್ವಾಗತ ಕೋಣೆಯ ಗಾಜಿನ ಬೀರುವಿನಲ್ಲಿರುವ ಹಳೆಯ ಮಾದರಿಗಳ ಧೂಳು ಒರೆಸಬೇಕಂತೆ.

ಒರೆಸಿದೆ. ಹನ್ನೊಂದು ವಿಮಾನ. ಒಂದೊಂದನ್ನೂ ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಒರೆಸಿದೆ. ಹನ್ನೊಂದರಲ್ಲಿ ಎಂಟು ನಾನೇ ಮಾಡಿದ್ದು. ಮೀಟಿಂಗಿಗೆ ಬಂದ ಹೊರಗಿನವರಿಬ್ಬರು ನಿಂತು ನೋಡಿದರು. “ಇವನ್ನೆಲ್ಲ ಯಾರು ಮಾಡಿದ್ದು?” ಎಂದು ಕೇಳಿದರು. ಸಾಹೇಬರು ಅಲ್ಲೇ ಇದ್ದರು. “ಇವರೇ,” ಎನ್ನಲೇಬೇಕಾಯಿತು. ಬಟ್ಟೆ ಝಾಡಿಸಿ ನಮಸ್ಕಾರ ಮಾಡಿದೆ. ನನ್ನನ್ನು ಧೂಳು ಒರೆಸಲು ನಿಲ್ಲಿಸಿದರೆ ಧೂಳೂ ನನ್ನ ಪರ ಸಾಕ್ಷಿ ಹೇಳುತ್ತದೆ.

ಮಾರ್ಚ್ 10, ಸೋಮವಾರ

ಪೈಲಟ್ ಬಂದಿದ್ದರು. ವಿಮಾನ ತಯಾರಾದ ಮೇಲೆ ಮೊದಲ ಸಲ ಹಾರಿಸಬೇಕಾದವರು. ಸಣ್ಣ ಆಳು, ಮೆತ್ತನೆಯ ಮಾತು, ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಹಾಗೆ ಕಾಣುತ್ತಾರೆ. ನಾನು ಬೀರುವಿನ ಮುಂದೆ ಸ್ಟೂಲಿನ ಮೇಲಿದ್ದೆ.

“ಬಾಲದ ವಿಷಯ ಕೇಳಿದೆ. ತಪ್ಪು ನಿಮ್ಮದಾ ಅಮ್ಮಾ?”

“ಅಲ್ಲ.”

“ಅಲ್ಲ ಅಂತ ಹೇಳ್ತಿರೋದು ನಿಮ್ಮ ಅಳತೆನಾ, ನಿಮ್ಮ ಹಠಾನಾ?”

ಮೈ ಉರಿದುಹೋಯಿತು. “ನನ್ನ ಹತ್ರ ಎರಡೂ ಒಂದೇ,” ಎಂದೆ.

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ನನಗೆ ಒಂದೇ ಅಲ್ಲ. ನೆಲ ಬಿಟ್ಟು ಏಳುವಾಗ ಒಂದು ಎಂಜಿನ್ ನಿಂತುಹೋಯ್ತು ಅನ್ನಿ. ವಿಮಾನ ಆ ಪಕ್ಕಕ್ಕೆ ಎಳೆಯುತ್ತೆ. ಆಗ ನನ್ನ ಕಾಲ ಕೆಳಗಿನ ಪೆಡಲಿಗೆ ಸಿಗೋದು ಆ ಬಾಲ ಒಂದೇ. ಅದರ ಬಲ ಎಷ್ಟು ಅಂತ ನಿಮ್ಮ ಟನಲ್ ಹೇಳಬೇಕು. ನಿಮ್ಮ ಮೇಲೆ ಸಿಟ್ಟಿಲ್ಲ, ಅವರ ಮೇಲೂ ಇಲ್ಲ. ಯಾರ ಮಾತು ನಂಬಲಿ ಅಂತ ಗೊತ್ತಾಗಬೇಕಷ್ಟೆ.”

ಹೋದರು. ಸ್ಟೂಲಿನಿಂದ ಇಳಿಯಲು ಮನಸ್ಸಾಗಲಿಲ್ಲ. ಸಾಹೇಬರಾದರೂ ವಾಸಿ, ಎದುರು ನಿಂತು ಜಗಳವಾಡಬಹುದು. ಇವರ ಜೊತೆ ಏನು ಮಾಡುವುದು?

ಮಾರ್ಚ್ 11, ಮಂಗಳವಾರ

ಫ್ಯಾನಣ್ಣ ಮಾತಾಡಿದರು!

ಊಟದ ಹೊತ್ತಿಗೆ ಡಬ್ಬಿ ಹಿಡಿದು ಬಂದು ನನ್ನೆದುರು ಕೂತರು. ಊಟ ಪೂರ್ತಿ ಮುಗಿಸಿ, ಕೈ ತೊಳೆದು ಬಂದು, ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಎಂದರು: “ತಲೆಕೆಳಗೆ ಹಾಕಿ ನೋಡಮ್ಮಾ.” ಎದ್ದು ಹೋದರು.

ಎರಡು ನಿಮಿಷ ಅರ್ಥವಾಗಲಿಲ್ಲ. ಆಮೇಲೆ ಹಣೆ ಚಚ್ಚಿಕೊಂಡೆ. ಎಷ್ಟು ಸರಳ! ವಿಮಾನವನ್ನು ಅಂಗಾತ ಮಾಡಿ ಅದೇ ಗಾಳಿಗೆ ಹಿಡಿಯುವುದು. ತಪ್ಪು ಬಾಲದಲ್ಲಿದ್ದರೆ ವಿಮಾನ ಮಗುಚಿದಾಗ ತಪ್ಪೂ ಮಗುಚುತ್ತದೆ, ಮೂಗು ಈ ಸಲ ಬಾಗಿಲ ಕಡೆಗೆ ಹೋಗಬೇಕು. ತಪ್ಪು ಗಾಳಿಯದ್ದಾದರೆ ಗಾಳಿಗೇನು ಗೊತ್ತು ವಿಮಾನ ಮಗುಚಿದ್ದು? ಮೂಗು ಮತ್ತೆ ಕಿಟಕಿ ಕಡೆಗೇ ಹೋಗುತ್ತದೆ.

ಒಂದೇ ತೊಡಕು. ಕಂಬ ಕೂರುವ ತೂತು ಹೊಟ್ಟೆಯಲ್ಲಿದೆ. ಅಂಗಾತ ಕೂರಿಸಬೇಕಾದರೆ ಬೆನ್ನಿನಲ್ಲಿ ಇನ್ನೊಂದು ತೂತು ಕೊರೆಯಬೇಕು. ಎಂಟು ತಿಂಗಳ ಬೆನ್ನು.

ಮಾರ್ಚ್ 13, ಗುರುವಾರ

ತಲೆಕೆಳಗಿನ ಪರೀಕ್ಷೆಗೆ ನಿನ್ನೆ ಸಾಹೇಬರನ್ನು ಕೇಳಿದೆ. ಆಗುವುದಿಲ್ಲ ಎಂದರು. ಒಂದು ದಿನ ಟನಲ್ ಹಾಳಾಗುತ್ತದಂತೆ, ಗಡುವು ಮೀರುತ್ತದಂತೆ. ಬಿಡದೆ ಇವತ್ತು ಮತ್ತೆ ಕೇಳಿದೆ.

“ಮೇಡಂ, ಜಾಸ್ತಿ ಬಾಲ ಬಿಚ್ಚಬೇಡಿ.”

“ಬಾಲದ ವಿಷಯಕ್ಕೇ ಬಂದಿದೀನಿ ಸರ್.”

ಹಿಂದೆ ನಿಂತಿದ್ದ ಟೈಪಿಸ್ಟ್ ಕೆಮ್ಮಿನ ನೆಪ ಮಾಡಿ ಹೊರಗೆ ಓಡಿದರು. ಅಷ್ಟರಲ್ಲಿ ಪೈಲಟ್ ಒಳಗೆ ಬಂದರು. ನಾನು ಹೇಳಿಕಳಿಸಿರಲಿಲ್ಲ, ದೇವರಾಣೆ, ಫ್ಯಾನಣ್ಣ ಹೇಳಿರಬೇಕು. ನಿಂತುಕೊಂಡೇ ಮಾತಾಡಿದರು.

“ತಲೆಕೆಳಗಿನ ಪರೀಕ್ಷೆ ಮಾಡಿಸಿ. ಅದಾಗದೆ ನಾನು ಹತ್ತಲ್ಲ.”

“ಬೇರೆ ಪೈಲಟ್ ಸಿಗ್ತಾರೆ,” ಎಂದರು ಸಾಹೇಬರು, ನಗುನಗುತ್ತ.

“ಸಿಗ್ತಾರೆ. ನಾನು ಯಾಕೆ ಹತ್ತಲಿಲ್ಲ ಅಂತ ಅವರೂ ಕೇಳ್ತಾರೆ.”

ಮುಂದಿನ ಗುರುವಾರ ಅರ್ಧ ದಿನ ಸಿಕ್ಕಿದೆ. ಸಾಹೇಬರದು ಒಂದು ಷರತ್ತು: ಅದಕ್ಕೆ ಮೊದಲು ಬಾಲವನ್ನು ಇನ್ನೊಬ್ಬರ ಎದುರಿಗೆ ಅಳೆಯಬೇಕು, ಆ ಇನ್ನೊಬ್ಬರೂ ಸಹಿ ಹಾಕಬೇಕು. ಧಾರಾಳವಾಗಿ. ಫ್ಯಾನಣ್ಣನ ಹೆಸರು ಕೊಟ್ಟೆ. ಸುಮ್ಮನೆ ನಿಂತು ಸಹಿ ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಬಾಲ ಬಿಚ್ಚಿದ ಕಥೆ ಹೇಳಿದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಎರಡು ಸಲ ನೀರು ಕುಡಿದರು. ತರಕಾರಿ ಅವರೇ ಹೆಚ್ಚಿದರು. ದಪ್ಪ ದಪ್ಪ ಹೋಳು, ಒಂದರ ಹಾಗೆ ಒಂದಿಲ್ಲ. ತಿಂದೆ, ಚೆನ್ನಾಗಿತ್ತು.

ಮಾರ್ಚ್ 14, ಶುಕ್ರವಾರ

ಕೊರೆದೆ.

ಮೊದಲ ಸುರುಳಿ ಹೊಟ್ಟು ಎದ್ದಾಗ ಕಣ್ಣು ಮುಚ್ಚಿಕೊಂಡೆ. ಮೂವತ್ತೊಂದು ವರ್ಷದಲ್ಲಿ ಕೆಲಸ ಮಾಡುವಾಗ ಕಣ್ಣು ಮುಚ್ಚಿದ್ದು ಇದೇ ಮೊದಲು. ಆಮೇಲೆ ತೆರೆದು ನೆಟ್ಟಗೆ ಕೊರೆದೆ. ಸೊಟ್ಟ ಕೊರೆದು ಅವರ ಬಾಯಿಗೆ ಬೀಳುವವಳು ನಾನಲ್ಲ.

ಮಾರ್ಚ್ 17, ಸೋಮವಾರ

ಹತ್ತನೇ ಒಂದು.

ಇವತ್ತು ಬರೆಯಲಾರೆ.

ಮಾರ್ಚ್ 18, ಮಂಗಳವಾರ

ಬರೆಯುತ್ತೇನೆ. ಬರೆಯದಿದ್ದರೆ ನಾಳೆ ನಾನೇ ‘ಹಾಗೆ ಆಗಿರಲೇ ಇಲ್ಲ’ ಎನ್ನಬಹುದು.

ನಿನ್ನೆ ಬೆಳಿಗ್ಗೆ ಕಲ್ಲಿನ ಮೇಜಿನ ಬಳಿ ನಾನು ಮಾಪಕ ಹಿಡಿದೆ. “ಸೊನ್ನೆ,” ಎಂದೆ. ಫ್ಯಾನಣ್ಣ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಇವರಿಗೆ ಓದಲು ಬರುವುದಿಲ್ಲವೇನೋ ಎಂದುಕೊಂಡೆ.

“ಸೊನ್ನೆ ಅಲ್ಲಮ್ಮಾ. ಪಕ್ಕದ ಗೆರೆ ಕೂಡ್ತಿದೆ.”

“ಸರಿಯಾಗಿ ನೋಡಿ ಅಣ್ಣ.”

“ನೀನೇ ನೋಡು,” ಎಂದು ತಮ್ಮ ಕನ್ನಡಕ ಬಿಚ್ಚಿ ಕೊಟ್ಟರು.

ಹಾಕಿಕೊಂಡು ನೋಡಿದೆ. ಇಷ್ಟು ದಿನ ನಾನು ಗೆರೆ ಅಂದುಕೊಂಡದ್ದು ಗೆರೆಯಾಗಿರಲಿಲ್ಲ, ಎರಡು ಗೆರೆ ಸೇರಿದ ಒಂದು ಮಸುಕು. ಕನ್ನಡಕದೊಳಗೆ ಎರಡೂ ಬೇರೆಯಾಗಿ ನಿಂತವು. ಕೂಡುತ್ತಿದ್ದುದು ಸೊನ್ನೆಯ ಪಕ್ಕದ್ದು. ಡಿಗ್ರಿಯ ಹತ್ತನೇ ಒಂದು ಪಾಲು. ಬಾಲ ಸೊಟ್ಟಗಿದೆ. ಅವರು ಹೇಳಿದಷ್ಟಲ್ಲ, ಐದರಲ್ಲಿ ಒಂದು ಪಾಲು. ಆದರೂ ಸೊಟ್ಟ ಸೊಟ್ಟವೇ. ಮಾಡಿದವಳು ನಾನು.

ಸ್ಟೂಲಿನ ಮೇಲೆ ಕೂತೆ. ಫ್ಯಾನಣ್ಣ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಎಂದರು: “ಬುಡದಲ್ಲಿ ಒಂದು ತೆಳು ತಗಡು ಕೊಟ್ಟರೆ ನೆಟ್ಟಗಾಗುತ್ತೆ. ಹತ್ತು ನಿಮಿಷದ ಕೆಲಸ. ನಾನೇನೂ ನೋಡಿಲ್ಲ.”

ತಗಡು ಎಲ್ಲಿದೆ ಎಂದು ನನಗೆ ಗೊತ್ತು. ಎಡಗಡೆಯ ಮೂರನೇ ಡ್ರಾಯರ್. ಸುಳ್ಳೇಕೆ, ಎದ್ದು ಹೋಗಿ ಡ್ರಾಯರ್ ಎಳೆದೆ ಕೂಡ. ತಗಡು ಕೈಯಲ್ಲಿ ಹಿಡಿದಾಗ ಆ ಸಣ್ಣ ಆಳಿನ ಪ್ರಶ್ನೆ ಬಂದು ಎದುರು ನಿಂತಿತು. ಅಳತೆನಾ, ಹಠಾನಾ?

ಡ್ರಾಯರ್ ಮುಚ್ಚಿದೆ. “ನೋಡಿದ್ದೀರಿ ಅಣ್ಣ. ನೋಡಿದ್ದನ್ನ ಬರೀರಿ.”

“ನಿನ್ನ ಕುತ್ತಿಗೆಗೇ ಬರುತ್ತೆ.”

“ಬರಲಿ. ನನ್ನ ಕುತ್ತಿಗೆ, ನಾನು ನೋಡ್ಕೋತೀನಿ. ನೀವು ಬರೀರಿ.”

ಬರೆದರು. ಅಳತೆ: ಹತ್ತನೇ ಒಂದು. ಕೆಳಗೆ ಇಬ್ಬರ ಸಹಿ. ಬರೆಯುವಾಗ ಎರಡು ಸಲ ಪೆನ್ನು ಎತ್ತಿ ಬಾಗಿಲ ಕಡೆ ನೋಡಿದ್ದು ಅವರು, ನಾನಲ್ಲ. ನನಗೆ ಆಗಬಹುದಾದದ್ದಕ್ಕೆ ಅವರೇಕೆ ಅಷ್ಟು ಹೆದರಬೇಕು?

ಅತ್ತೆಗೆ ಹೇಳಿದೆ. ಸೂಜಿ ಕೆಳಗಿಟ್ಟರು. ಅವರು ಸೂಜಿ ಕೆಳಗಿಟ್ಟದ್ದು ನಾನು ಕಂಡದ್ದು ಕಡಿಮೆ. “ಒಂದು ಸಲ ಒಬ್ಬಳ ಮದುವೆ ರವಿಕೆಗೆ ತೋಳು ಅದಲುಬದಲು ಮಾಡಿ ಹೊಲಿದಿದ್ದೆ ಕಣೇ,” ಎಂದರು. “ಅವಳ ಮನೆಗೆ ನಾನೇ ಹೋಗಿ ಹೇಳಿದೆ. ಬೈದಳು. ಬೈಸಿಕೊಂಡು, ಅಲ್ಲೇ ಕೂತು ಬಿಚ್ಚಿ ಹೊಲಿದುಕೊಟ್ಟೆ. ಅವಳ ಮಗಳ ಮದುವೆಗೂ ನನ್ನ ಹತ್ರಾನೇ ಹೊಲಿಸಿದಳು.”

ಇದನ್ನು ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಮಾರ್ಚ್ 20, ಗುರುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಗೆ ವಿಮಾನವನ್ನು ಅಂಗಾತ ಕೂರಿಸಿದೆವು. ಹೊಟ್ಟೆಯ ತೂತು ಮುಚ್ಚಿ, ಬೆನ್ನಿನ ತೂತಿಗೆ ಕಂಬ. ಚಕ್ರಗಳು ಮೇಲೆ, ಬಾಲ ನೆಲ ನೋಡುತ್ತಿತ್ತು. ನೋಡಲು ಪಾಪ ಎನ್ನಿಸಿತು. ಕಂಟ್ರೋಲ್ ರೂಮಿನಲ್ಲಿ ಸಾಹೇಬರು, ಪೈಲಟ್, ಲೆಕ್ಕ ಬರೆದುಕೊಳ್ಳುವ ಇಬ್ಬರು, ನಾನು. ಫ್ಯಾನಣ್ಣ ಸ್ವಿಚ್ ಹಾಕಿದರು. ಮೊದಲು ನೆಲ ಗುಂಯ್ ಎಂದಿತು, ಆಮೇಲೆ ಗಾಜು, ಆಮೇಲೆ ಹಲ್ಲು.

ಮೂಗು ಕಿಟಕಿ ಕಡೆಗೇ ಹೊರಳಿತು.

ಕೂಗಿಕೊಳ್ಳಬೇಕು ಎನ್ನಿಸಿತು, ಕೂಗಲಿಲ್ಲ. ತಕ್ಕಡಿ ಹೇಳಿದ ಅಂಕಿ ಮೂರು. ಹತ್ತನೇ ಮೂರು ಡಿಗ್ರಿ. ನೆಟ್ಟಗಿದ್ದಾಗ ಬಂದ ಅರ್ಧ ಡಿಗ್ರಿ ಎಂದರೆ ಹತ್ತನೇ ಐದು, ಮಗುಚಿದಾಗ ಮೂರು. ಎರಡೂ ಕಿಟಕಿ ಕಡೆಗೆ.

ಪೈಲಟ್ ಬೆರಳು ಮಡಿಸುತ್ತ ಲೆಕ್ಕ ಹಾಕಿದರು. “ಗಾಳಿಯದು ನಾಲ್ಕು, ವಿಮಾನದ್ದು ಒಂದು. ನೆಟ್ಟಗಿದ್ದಾಗ ಕೂಡುತ್ತೆ, ಐದು. ಮಗುಚಿದಾಗ ಕಳೆಯುತ್ತೆ, ಮೂರು.”

ನಾನು ಅಳತೆಯ ಹಾಳೆ ಮುಂದಿಟ್ಟೆ. ವಿಮಾನದ್ದು ಒಂದು ಎಂದು ಮೂರು ದಿನದ ಹಿಂದೆಯೇ ಬರೆದಿತ್ತು. ಪೈಲಟ್ ಹಾಳೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಹಾಳೆ ನೋಡಿದರು. “ಇದು ಅಳತೆ,” ಎಂದರು.

ಸಾಹೇಬರ ಮುಖ ಅರಳಿತು. “ಅಂದ್ರೆ ಮಾದರೀಲಿ ತಪ್ಪಿದೆ! ಇಲ್ಲೇ ಒಪ್ಪಿಕೊಂಡು ಸಹಿ ಹಾಕಿದಾರೆ. ಇಷ್ಟೇ ತಾನೇ ನಾನು ಹೇಳಿದ್ದು?”

“ಇದೆ ಸರ್. ಒಂದು. ಗಾಳೀದು ನಾಲ್ಕು. ಎರಡನ್ನೂ ಬರೀರಿ, ನಾನು ಎರಡರ ಕೆಳಗೂ ಸಹಿ ಹಾಕ್ತೀನಿ. ಒಂದನ್ನೇ ಬರೆದರೆ ಹಾಕಲ್ಲ.”

“ಗಾಳಿ ಯಾಕೆ ಸೊಟ್ಟ ಬರುತ್ತೆ ಮೇಡಂ? ಕಾರಣ ಬೇಡವಾ? ಕಾರಣ ಇಲ್ಲದೆ ಏನಂತ ಬರೀಲಿ?”

ಕಾರಣ ನನಗೂ ಗೊತ್ತಿರಲಿಲ್ಲ. ಫ್ಯಾನ್ ನಿಲ್ಲುತ್ತ ನಿಲ್ಲುತ್ತ ನಿಟ್ಟುಸಿರು ಬಿಟ್ಟಿತು. ಆಗ ಫ್ಯಾನಣ್ಣ ಬಾಯಿ ಬಿಟ್ಟರು.

“ಕಾರಣ ಇದೆ ಸರ್. ಜಾಲರಿ ಹರಿದಿದೆ.”

ಫ್ಯಾನಿನ ಗಾಳಿ ಸುತ್ತಿ ಸುಳಿದು ಬರುತ್ತದೆ. ಅದು ವಿಮಾನದ ಬಳಿ ಬರುವ ಮೊದಲು ಒಂದರ ಹಿಂದೆ ಒಂದು ಮೂರು ತಂತಿ ಜಾಲರಿ ದಾಟಬೇಕು. ಹಿಟ್ಟನ್ನು ಜರಡಿ ಹಿಡಿದ ಹಾಗೆ ಅವು ಗಾಳಿಯನ್ನು ಹದಮಾಡಿ ಕಳಿಸುತ್ತವೆ. ಕೊನೆಯ ಜಾಲರಿ ಜನವರಿಯಲ್ಲಿ ಒಂದು ಪಕ್ಕ ಮೇಲಿಂದ ಕೆಳಗಿನವರೆಗೆ ಹರಿದಿತ್ತಂತೆ. ಫ್ಯಾನಣ್ಣನೇ ಹಳೆಯ ಜಾಲರಿಯ ತುಂಡು ಇಟ್ಟು ತೇಪೆ ಹಾಕಿದ್ದಾರೆ. ತೇಪೆ ಇರುವ ಕಡೆ ಎರಡು ಪದರ, ಗಾಳಿ ಅಲ್ಲಿ ತಡೆದು ಪಕ್ಕಕ್ಕೆ ತಿರುಗುತ್ತದೆ.

“ಇಷ್ಟು ದಿನ ಯಾಕ್ರೀ ಹೇಳಲಿಲ್ಲ?” ಸಾಹೇಬರ ದನಿ ಏರಿತು.

“ಹೇಳಿದ್ದೆ ಸರ್. ಎರಡು ಸಲ. ಈ ಪರೀಕ್ಷೆ ಒಂದು ಮುಗೀಲಿ, ಗಡುವು ಇದೆ ಅಂದ್ರಿ. ನಾನೂ ಸುಮ್ಮನಾದೆ. ಅದು ನನ್ನ ತಪ್ಪು.” ನನ್ನ ಕಡೆ ಕೈ ತೋರಿಸಿ ಎಂದರು, “ಈಯಮ್ಮ ತನ್ನದು ತಾನೇ ಬರೆಸಿದಳು. ನಂದೂ ಬರೀರಿ.”

“ಆಯ್ತು, ಆಮೇಲೆ ನೋಡೋಣ. ಮಧ್ಯಾಹ್ನದ ಪರೀಕ್ಷೆಗೆ ಫ್ಯಾನ್ ಹಾಕಿ.”

ಫ್ಯಾನಣ್ಣ ಪ್ಯಾನಲ್ಲಿನ ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. “ಜಾಲರಿ ಬದಲಾಯಿಸೋವರೆಗೂ ಹಾಕಲ್ಲ.”

ಇನ್ನು ಹನ್ನೊಂದು ತಿಂಗಳಿಗೆ ನಿವೃತ್ತಿ ಆ ಮನುಷ್ಯನಿಗೆ. ನಾನು ಹೋಗಿ ಅವರ ಪಕ್ಕದಲ್ಲಿ ನಿಂತೆ. ಪೈಲಟ್ ಕುರ್ಚಿ ಎಳೆದುಕೊಂಡು ನಮ್ಮ ಪಕ್ಕಕ್ಕೇ ಹಾಕಿ ಕೂತರು. ಸಾಹೇಬರು ಗಡಿಯಾರ ನೋಡಿದರು.

ಮಾರ್ಚ್ 22, ಶನಿವಾರ

ಅತ್ತೆಯನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಅಥವಾ ಅವರೇ ನನ್ನನ್ನು ಕರೆದುಕೊಂಡು ಹೋದರು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ನಾನು ತಡವರಿಸಿದ ಸಾಲನ್ನು ಅತ್ತೆ ಪಕ್ಕದಿಂದ ಪಿಸುಗುಟ್ಟಿದರು.

“ಅಜ್ಜಿ, ಹೇಳಿಕೊಡಬಾರದು,” ಎಂದರು ಡಾಕ್ಟರು.

“ನನಗೂ ಕಾಣ್ತಿಲ್ಲಪ್ಪಾ, ಅಂದಾಜಿನ ಮೇಲೆ ಹೇಳ್ದೆ.”

ನನಗೆ ಕನ್ನಡಕ. ಅವರಿಗೆ ಮುಂದಿನ ತಿಂಗಳು ಪೊರೆ ತೆಗೆಯುವ ಆಪರೇಷನ್. ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೆ, ಕೆಲಸ ಇದೆ, ಕೆಲಸ ಇದೆ ಎಂದು.

ಮಾರ್ಚ್ 24, ಸೋಮವಾರ

ಜಾಲರಿ ನೋಡಲು ಟನಲ್‌ನ ಹಿಂಭಾಗಕ್ಕೆ ಇಳಿದಿದ್ದೆ. ಸಾಹೇಬರು ಆಗಲೇ ಅಲ್ಲಿದ್ದರು, ಒಬ್ಬರೇ, ಟಾರ್ಚ್ ಹಿಡಿದು ತೇಪೆಯ ಎದುರು ನಿಂತಿದ್ದರು. ಒಳ್ಳೆಯ ತೇಪೆ. ಪ್ರತಿ ತಂತಿಯನ್ನೂ ಗಂಟು ಹಾಕಿ ಕಟ್ಟಿದ್ದಾರೆ ಫ್ಯಾನಣ್ಣ.

“ಇದು ನನ್ನ ಗಮನಕ್ಕೆ ಬಂದಿರಲಿಲ್ಲ ಅಂತ ಬರೀಬೇಕಾಗುತ್ತೆ ಮೇಡಂ,” ಎಂದರು. ಜಗಳದ ದನಿಯಲ್ಲ. ಬಹಳ ಸುಸ್ತಾದವರ ದನಿ. ಮೇಲಿನವರು ಅವರನ್ನೂ ದಿನಾ ಕೇಳುತ್ತಿರಬೇಕು.

“ಬರೀರಿ ಸರ್. ಬಂದಿತ್ತು ಅಂತ ನಾವಿಬ್ಬರೂ ಬರೀತೀವಿ.”

ಅವರು ಟಾರ್ಚ್ ಆರಿಸಿದರು. ಮೆಟ್ಟಿಲು ಹತ್ತುವಾಗ ಕೈಹಿಡಿಕೆ ಸಡಿಲವಿದೆ, ನೋಡಿಕೊಂಡು ಬನ್ನಿ ಎಂದೆ. ಅಷ್ಟನ್ನು ಯಾರಿಗೇ ಆದರೂ ಹೇಳಬೇಕಾಗುತ್ತದೆ.

ಏಪ್ರಿಲ್ 2, ಬುಧವಾರ

ಇಬ್ಬರಿಗೂ ಮೆಮೊ ಬಂದಿದೆ. ‘ಪರೀಕ್ಷೆಯ ವೇಳಾಪಟ್ಟಿಗೆ ಅಡ್ಡಿ ಹಾಗೂ ಮೇಲಧಿಕಾರಿಗಳ ಎದುರು ಉದ್ಧಟ ವರ್ತನೆ.’ ಫ್ಯಾನಣ್ಣ ತಮ್ಮದನ್ನು ನಾಲ್ಕಾಗಿ ಮಡಿಸಿ ಊಟದ ಡಬ್ಬಿಯಲ್ಲಿ ಇಟ್ಟುಕೊಂಡರು. “ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಸರು ಹಾಕಿ ಬಂದ ಮೊದಲನೇ ಕಾಗದ ಕಣಮ್ಮಾ,” ಎಂದರು. ನಕ್ಕರೋ ಏನೋ, ಅವರ ಮುಖದಲ್ಲಿ ಗೊತ್ತಾಗುವುದಿಲ್ಲ.

“ಉದ್ಧಟ ಅಂದ್ರೇನೇ?” ಎಂದು ಅತ್ತೆ ಕೇಳಿದರು.

“ನೀವು ಬೈತೀರಲ್ಲ ಅತ್ತೆ, ಹೇಳಿದ ಮಾತು ಕೇಳಲ್ಲ ಅಂತ. ಅದೇ.”

“ಅದಕ್ಕೆ ಸರ್ಟಿಫಿಕೇಟ್ ಬೇರೆ ಕೊಡ್ತಾರಾ?”

ಹೊಸ ಜಾಲರಿ ಬಂದಿದೆ. ಬಾಲದ ಬುಡಕ್ಕೆ ತಗಡು ಕೊಟ್ಟು ನೆಟ್ಟಗೆ ಮಾಡಿದೆ. ಈ ಸಲ ಹಾಳೆಯಲ್ಲಿ ಬರೆದೇ ಮಾಡಿದೆ.

ಏಪ್ರಿಲ್ 14, ಸೋಮವಾರ

ಹೊಸ ಜಾಲರಿಯ ಗಾಳಿ. ಮೂಗು ಅಲುಗಲಿಲ್ಲ. ನೆಟ್ಟಗಿಟ್ಟರೂ ಸೊನ್ನೆ, ಮಗುಚಿದರೂ ಸೊನ್ನೆ.

ಆಮೇಲೆ ಬೇಕಾದ ಪರೀಕ್ಷೆ: ಒಂದು ಎಂಜಿನ್ ನಿಂತಾಗ ಬಾಲ ವಿಮಾನವನ್ನು ಹಿಡಿದು ನಿಲ್ಲಿಸುತ್ತದೆಯೇ? ಮೊದಲ ದಿನ ಹರಿದ ಜಾಲರಿಯ ಗಾಳಿಯಲ್ಲಿ ಇದನ್ನೂ ಮಾಡಿದ್ದರು, ನಿಲ್ಲಿಸುತ್ತದೆ ಎಂದು ಬಂದಿತ್ತು. ಇವತ್ತು ಸಾಲುವುದಿಲ್ಲ ಎಂದು ಬಂತು. ಮೂರು ಸಲ ಮಾಡಿದರು, ಮೂರು ಸಲವೂ ಅದೇ. ಬಾಲ ಚಿಕ್ಕದಾಯಿತು. ಐದನೇ ಒಂದು ಪಾಲು ದೊಡ್ಡದು ಮಾಡಬೇಕು, ಮಾದರಿಯಲ್ಲೂ, ನಿಜದಲ್ಲೂ.

ಪೈಲಟ್ ಆ ಕೊನೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತಿದ್ದರು. ಆಮೇಲೆ ನನ್ನ ಹತ್ತಿರ, ಫ್ಯಾನಣ್ಣನ ಹತ್ತಿರ ಬಂದರು. ಇಬ್ಬರ ಕೈಯನ್ನೂ ಹಿಡಿದು ಒತ್ತಿ ಹೋದರು.

ಏಪ್ರಿಲ್ 17, ಗುರುವಾರ

ಸಾಹೇಬರು ಕರೆಸಿದರು. ವರದಿ ಹೋಗಿದೆ. ಅದರಲ್ಲಿ ಜಾಲರಿಯೂ ಇದೆ, ನನ್ನ ಹತ್ತನೇ ಒಂದೂ ಇದೆ, ಫ್ಯಾನಣ್ಣ ಎರಡು ಸಲ ಹೇಳಿದ್ದೂ ಇದೆ. ಪೈಲಟ್ ಬರೆಸದೆ ಬಿಡಲಿಲ್ಲವಂತೆ. ಮೆಮೊ ಮಾತ್ರ ಹಾಗೇ ನಿಂತಿದೆ.

“ಒಂದು ವಿಷಾದ ಪತ್ರ ಕೊಟ್ಟುಬಿಡಿ ಮೇಡಂ. ಎರಡೇ ಸಾಲು. ಮೆಮೊ ವಾಪಸ್ ತಗೋತೀನಿ. ನನಗೂ ಫೈಲ್ ಮುಚ್ಚಬೇಕು.”

“ಎರಡೇ ಸಾಲಾ?”

“ಎರಡೇ.”

ಅಲ್ಲೇ ಕೂತು, ಹೊಸ ಕನ್ನಡಕ ಹಾಕಿಕೊಂಡು, ಅವರ ಪೆನ್ನಿನಲ್ಲೇ ಬರೆದುಕೊಟ್ಟೆ: ‘ಬಾಲದ ರೆಕ್ಕೆಯಲ್ಲಿನ ಹತ್ತನೇ ಒಂದು ಡಿಗ್ರಿಗೆ ನನಗೆ ವಿಷಾದವಿದೆ. ಮಿಕ್ಕ ಯಾವುದಕ್ಕೂ ಇಲ್ಲ.’

ಸಾಹೇಬರು ಓದಿದರು. ಇನ್ನೊಮ್ಮೆ ಓದಿದರು. ಹರಿಯುತ್ತಾರೆ ಎಂದುಕೊಂಡೆ. ಫೈಲಿಗೆ ಸೇರಿಸಿ, ದಾರ ಕಟ್ಟಿ, ಪಕ್ಕಕ್ಕಿಟ್ಟರು.

ಮನೆಯಲ್ಲಿ ಅತ್ತೆಗೆ ಹೇಳಿದರೆ, “ಆ ‘ಇಲ್ಲ’ ಅನ್ನೋದನ್ನ ಸ್ವಲ್ಪ ದೊಡ್ಡಕ್ಷರದಲ್ಲಿ ಬರೀಬೇಕಿತ್ತು ಕಣೇ,” ಎಂದರು.

ನಾಳೆ ಹೊಸ ಬಾಲಕ್ಕೆ ಮರ ಕುಯ್ಯಬೇಕು. ಅಳೆಯುವಾಗ ಬಂದು ನಿಲ್ಲಲು ಇಬ್ಬರಿಗೆ ಹೇಳಿದ್ದೇನೆ. ಬಾಗಿಲು ತೆಗೆದೇ ಇರುತ್ತದೆ, ಬೇಕಾದವರು ಬಂದು ನೋಡಲಿ.